ಹಿಡಕಲ್ ಡ್ಯಾಮ್, ಮಣ್ಣಿನ ಲೆಕ್ಕ ಮತ್ತು ಅಜ್ಜಿಯ ತವರುಮನೆ

ಹೋದ ದೀಪಾವಳಿಗೆ ಅರಭಾವಿಗೆ ಹೋದಾಗ ಅಜ್ಜಿಯನ್ನು ಕರೆದುಕೊಂಡು ಹಿಡಕಲ್ ಡ್ಯಾಮ್ ನೋಡಲು ಹೋಗಿದ್ದೆ. ನಾನು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದರೆ ಅಜ್ಜಿ ನೀರಿನ ಕಡೆ ಕೈ ತೋರಿಸಿ "ನಮ್ಮ ತವರಮನಿ ಅಲ್ಲೇ ಐತಿ ನೋಡೋ" ಅಂದಳು. 'ಇತ್ತು' ಅನ್ನಲಿಲ್ಲ, 'ಐತಿ' ಅಂದಳು!

ಬೆಂಗಳೂರಿಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಓದಿದ್ದು ಇಂಜಿನಿಯರಿಂಗ್, ಮಾಡುವುದು ಕೋಡಿಂಗ್. ಆದರೂ ಇಷ್ಟು ಮಣ್ಣು ಎತ್ತಿ ಹಾಕಲು ದುಡ್ಡು ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂತೆ.

ನಮ್ಮ ಕಡೆ ಈ ಕತೆ ಶುರುವಾಗುವುದು 1876-78ರ ಬರದಿಂದ. ಬರದ ನಂತರ ಬ್ರಿಟಿಷ್ ಸರ್ಕಾರ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ಕ್ಷಾಮ ನಿಧಿ ಎತ್ತಿಡಲು ನಿರ್ಧರಿಸಿತು. ನೀರಾವರಿಗೆ ಎರಡು ಖಾತೆಗಳಿದ್ದವು. ಬಡ್ಡಿ ಹುಟ್ಟಿಸುವ ಕಾಲುವೆಗೆ ಸಾಲದ ದುಡ್ಡು, ಜೀವ ಉಳಿಸುವ ಕಾಲುವೆಗೆ ಕ್ಷಾಮ ನಿಧಿಯ ದುಡ್ಡು. (ಜೀವ ಉಳಿಸುವುದು 'ಲಾಭ' ಅಲ್ಲ, ಗಮನಿಸಿ.) ಆ ಕಾಲದ್ದೇ ನಮ್ಮ ಧೂಪದಾಳದ ಒಡ್ಡು, 1897ರದ್ದು. 1887ರಲ್ಲಿ ಶುರುವಾಗಿದ್ದ ಗೋಕಾಕ ಫಾಲ್ಸಿನ ಮಿಲ್ಲಿಗೂ ಅದೇ ಹೊಳೆಯ ನೀರು.

ಸ್ವಾತಂತ್ರ್ಯದ ನಂತರ ಘಟಪ್ರಭಾ ಯೋಜನೆಯನ್ನು ಮೂರು ಹಂತ ಮಾಡಿದರು. ಮೊದಲು ಧೂಪದಾಳದಿಂದ 71 ಕಿ.ಮೀ. ಎಡದಂಡೆ ಕಾಲುವೆ. ಆಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು. ಕೊನೆಗೆ ಅದನ್ನೇ 51 ಟಿಎಂಸಿಗೆ ಏರಿಸಿ ಬಲದಂಡೆ ಕಾಲುವೆ. ದುಡ್ಡು ಇದ್ದಷ್ಟು ಕಟ್ಟು, ನೀರು ಬಿಡು, ಮತ್ತೆ ಕಟ್ಟು... ನಮ್ಮ ಸಾಫ್ಟ್‌ವೇರಿನವರ 'ಫೇಸ್ ಒನ್, ಫೇಸ್ ಟೂ' ಥರಾನೇ! ಆದರೆ ನಮ್ಮಲ್ಲಿ ಫೇಸ್ ಟೂ ಬಂದರೆ ಯಾರ ಮನೆಯೂ ಮುಳುಗುವುದಿಲ್ಲ.

ಇಂಥ ಒಡ್ಡಿನ ಒಳಗೆ ನೀರು ಜಿನುಗದ ಜಿಗಟು ಮಣ್ಣು, ಹೊರಗೆ ಗರಸು, ನೀರಿನ ಮಗ್ಗುಲಿಗೆ ಕಲ್ಲು. ತೆಳುವಾಗಿ ಹರಡಿ, ನೀರು ಚಿಮುಕಿಸಿ, ರೋಲರ್ ಹೊಡೆದು, ಮತ್ತೊಂದು ಪದರ. ಮಣ್ಣು ತೆಗೆದ ಗುಂಡಿಯಲ್ಲಿ ನಡುನಡುವೆ ಅಗೆಯದೆ ಒಂದೊಂದು ಮಣ್ಣಿನ ಕಂಬ ಬಿಡುವ ಪದ್ಧತಿ ಇತ್ತು. ಅದರ ಎತ್ತರ ಅಳೆದು, ಎಷ್ಟು ಬ್ರಾಸ್ ತೆಗೆದರು ಎಂದು ಲೆಕ್ಕ ಹಾಕಿ ಕೂಲಿ ಕೊಡಬೇಕು. ಒಂದು ಬ್ರಾಸ್ ಅಂದರೆ ನೂರು ಘನ ಅಡಿ. ಬಿಲ್ಲು ಪಾಸಾಗುವವರೆಗೆ ಆ ಕಂಬ ಸಾಕ್ಷಿ, ಆಮೇಲೆ ಅದೂ ಟೋಪಲಿಗೆ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಕಾನೂನು. ಮುಳುಗುವ ಜಮೀನಿಗೆ 1894ರ ಭೂಸ್ವಾಧೀನ ಕಾಯ್ದೆ. ನೋಟಿಸು ಹೊರಡಿಸಿದ ದಿನದ ಪೇಟೆ ಬೆಲೆ, ಮೇಲೆ ನೂರಕ್ಕೆ 15. (1984ರಲ್ಲಿ ಅದು 30 ಆಯಿತು, ಅಷ್ಟರಲ್ಲಿ ನಮ್ಮವರ ಊರು ನೀರೊಳಗಿತ್ತು.) ಯೋಜನೆಯ ಉಪಯೋಗದಿಂದ ಆ ಜಮೀನಿಗೆ ಮುಂದೆ ಬರಬಹುದಾದ ಬೆಲೆ ಏರಿಕೆಯನ್ನು ಎಣಿಸಕೂಡದು ಅಂತ ಅದೇ ಕಾಯ್ದೆಯ 24ನೇ ಕಲಮು ಹೇಳುತ್ತಿತ್ತು. ಕೆಳಗಿನವರಿಗೆ ಮಾತ್ರ ಮೈಸೂರು ರಾಜ್ಯದ 1957ರ ಅಭಿವೃದ್ಧಿ ಕರ ಮತ್ತು ನೀರಿನ ದರದ ಕಾಯ್ದೆ. ಕಾಲುವೆಯಿಂದ ನಿಮ್ಮ ಹೊಲದ ಬೆಲೆ ಏರುತ್ತದೆ, ಏರಿದ್ದರಲ್ಲಿ ಸರ್ಕಾರಕ್ಕೂ ಪಾಲು ಕೊಡಿ ಅಂತ. ಅಂದರೆ ಅದೇ ಏರಿಕೆ ಅರಭಾವಿಯಲ್ಲಿ ಲೆಕ್ಕಕ್ಕೆ ಬರುತ್ತಿತ್ತು, ಹಿಡಕಲ್ಲಿನಲ್ಲಿ ಬರುತ್ತಿರಲಿಲ್ಲ!

ನಾನು ಕಾಲುವೆ ಕೆಳಗಿನವರ ಮನೆಯವನು. ನನ್ನ ಫೀಸು ಕಟ್ಟಿದ್ದು ಕಬ್ಬಿನ ಬಿಲ್ಲು. ನೀರು ಹಾಯಿಸಿ ಹಾಯಿಸಿ ನಮ್ಮ ಎರಡು ಎಕರೆ ಎರಿ ಹೊಲ ಸವಳಾಗಿದೆ, ಅದು ಬೇರೆ ಮಾತು. ಹಾಗಾಗಿ ಅಣೆಕಟ್ಟು ಬೇಡವಿತ್ತು ಅನ್ನಲು ನನಗೆ ಬಾಯಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಜ್ಜಿಗೆ ವಿವರಿಸಿದೆ. ಕಲಮು ಗಿಲಮು ಅವಳಿಗೆ ಬೇಕಿರಲಿಲ್ಲ. ಪರಿಹಾರದ ದುಡ್ಡು ಕಟ್ಟಿಕೊಂಡು ಅವಳ ಅಣ್ಣ ನಮ್ಮೂರ ಕಡೆಯೇ ಕಾಲುವೆ ಹೊಲ ಕೊಳ್ಳಲು ಬಂದಿದ್ದನಂತೆ. ಎಕರೆ ರೇಟು ಕೇಳಿದ, ನಮ್ಮ ಮನೆಯಲ್ಲಿ ಚಹಾ ಕುಡಿದ, ಸಂಜೆ ಬಸ್ಸಿಗೆ ವಾಪಸು ಹೋದನಂತೆ.