‘ಬರೀ ನಾಟಕ’ ಅನ್ನೋ ಮಾತು ಮತ್ತು ಕೆಲವು ನರ್ಸ್‌ಗಳು

ಮಡಿಕೇರಿಯಿಂದ ಮಾತಾಡ್ತಿದ್ದೀನಿ. ಕೈ ಕುಯ್ದುಕೊಂಡು ಮೂರನೇ ಸಲ ಆಸ್ಪತ್ರೆಗೆ ಬರೋ ಹುಡುಗಿಯನ್ನ ನೋಡಿ ಯಾರಾದ್ರೂ ಒಬ್ಬರು ‘ಬರೀ ನಾಟಕ’ ಅಂದುಬಿಡ್ತಾರೆ. ಇವತ್ತಿನ ಕಥೆ ಆ ಮಾತಿನದ್ದು.

1956. ನಮಗೆ ಅದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಅದೇ ವರ್ಷ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದ್ರೆ ಇವತ್ತಿನ ನಿಮ್ಹಾನ್ಸ್‌ನಲ್ಲಿ, ನರ್ಸ್‌ಗಳಿಗೆ ಒಂದು ವರ್ಷದ ಮನೋವೈದ್ಯಕೀಯ ಶುಶ್ರೂಷೆಯ ಕೋರ್ಸ್ ಶುರುವಾಯ್ತು. ಹಳೇ ಹುಚ್ಚಾಸ್ಪತ್ರೆಗಳಲ್ಲಿ ಕೆಲಸ ಅಂದ್ರೆ ಬಹುಪಾಲು ಕಾವಲು. ಈಗ ರೋಗಿ ಜತೆ ಕೂತು ಮಾತಾಡೋದೂ ಕಲಿಯಬೇಕಾದ ವಿದ್ಯೆ ಆಯ್ತು.

ಮರುವರ್ಷ ಇಂಗ್ಲೆಂಡಿನಲ್ಲಿ, ಕ್ಯಾಸೆಲ್ ಆಸ್ಪತ್ರೆಯ ವೈದ್ಯ ಟಾಮ್ ಮೇನ್ ‘ದಿ ಏಲ್‌ಮೆಂಟ್’ ಅನ್ನೋ ಲೇಖನ ಪ್ರಕಟಿಸಿದರು. ತಮ್ಮನ್ನ ಹೈರಾಣ ಮಾಡಿದ ರೋಗಿಗಳ ಬಗ್ಗೆ ನರ್ಸ್‌ಗಳು ಅವರ ಜತೆ ಕೂತು ಮನಸ್ಸು ಬಿಚ್ಚಿ ಮಾತಾಡಿದ್ದರು. ಹೊರಬಿದ್ದ ಸತ್ಯ ಮುಜುಗರದ್ದು. ನಿದ್ದೆ ಔಷಧಿ ಕೊಡ್ತಿದ್ದದ್ದು ನರ್ಸ್‌ನ ತಾಳ್ಮೆ ಮುಗಿದ ಗಳಿಗೆಯಲ್ಲಿ! ಇನ್ನೊಂದು, ‘ಇವಳನ್ನ ಅರ್ಥ ಮಾಡಿಕೊಂಡೋಳು ನಾನೊಬ್ಬಳೇ’ ಅಂತ ಒಬ್ಬರು, ‘ಮುದ್ದು ಮಾಡಿ ಕೆಡಿಸ್ತಿದ್ದೀರಿ’ ಅಂತ ಇನ್ನೊಬ್ಬರು. ಸಿಬ್ಬಂದಿಯೇ ಎರಡು ಬಣ. ನನಗಂತೂ ಈ ಪ್ರಾಮಾಣಿಕತೆ ತುಂಬಾ ದೊಡ್ಡದು ಅನ್ನಿಸುತ್ತೆ.

ವ್ಯಕ್ತಿತ್ವದ ತೊಂದರೆ ಅಂದ್ರೆ ಒಂದು ದಿನದ ಸಿಟ್ಟಲ್ಲ. ಮನೆ, ಕಾಲೇಜು, ಸ್ನೇಹ, ಎಲ್ಲ ಕಡೆ ವರ್ಷಗಟ್ಟಲೆ ಕಾಣೋ ಒಂದೇ ಜಾಡು. ಅದರಲ್ಲಿ ‘ಬಾರ್ಡರ್‌ಲೈನ್’ ಅನ್ನೋದು ಅಮೆರಿಕದ ಅಧಿಕೃತ ರೋಗಪಟ್ಟಿ ಸೇರಿದ್ದೇ 1980ರಲ್ಲಿ. ಹೆಸರಿಡೋರು ಡಾಕ್ಟರು. ಆದ್ರೆ ಆ ಜಾಡನ್ನ ಹಗಲು ರಾತ್ರಿ ಹತ್ತಿರದಿಂದ ನೋಡೋರು ನರ್ಸ್.

ನೋಡಿದ್ಮೇಲೆ ಏನು ಮಾಡೋದು? ಎಲ್ಲ ಪಾಳಿಯಲ್ಲೂ ಒಂದೇ ನಿಯಮ. ನಾನು ಬಿ.ಕಾಂ., ನನಗೆ ಕ್ಯಾಶ್ ಬುಕ್ ನೆನಪಾಗುತ್ತೆ: ಬೆಳಗಿನ ಪಾಳಿಯ ಆಖೈರು ಶಿಲ್ಕೇ ಮಧ್ಯಾಹ್ನದ ಆರಂಭದ ಶಿಲ್ಕು. ಬೆಳಿಗ್ಗೆ ‘ಆಗಲ್ಲ’ ಅಂದದ್ದು ರಾತ್ರಿ ‘ಹೂಂ’ ಆದ್ರೆ ಲೆಕ್ಕ ತಪ್ಪಿತು. ನಾಳೆ ರಜೆ ಇದ್ರೆ ಇವತ್ತೇ ಹೇಳಬೇಕು, ಬಿಟ್ಟುಹೋದ್ರು ಅನ್ನೋ ಭಯವೇ ಅವಳಿಗೆ ದೊಡ್ಡದು. ಗಾಯಕ್ಕೆ ಬಯ್ಯದೆ, ಅತಿಯಾಗಿ ಮುದ್ದಿಸದೆ ಡ್ರೆಸ್ಸಿಂಗ್. ಸಾಯೋ ಯೋಚನೆ ಇದೆಯಾ ಅಂತ ಪ್ರತಿ ಸಲವೂ ನೇರವಾಗಿ ಕೇಳಬೇಕು, ಮೂರನೇ ಸಲವೂ. ‘ನಾಟಕ’ ಅಂದ ದಿನ ಈ ಪ್ರಶ್ನೆ ಬಿಟ್ಟುಹೋಗುತ್ತೆ. ಜೀವ ಹೋಗೋದು ಅಲ್ಲೇ.

ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ನರ್ಸ್ ಮತ್ತು ರೋಗಿ ಎಷ್ಟೋ ಸಲ ಒಂದೇ ಊರಿನವರು, ನೆಂಟರೂ ಆಗಿರಬಹುದು. ವಾರ್ಡಿನ ಪಿಸುಮಾತು ಸಂಜೆಯೊಳಗೆ ಮನೆ ಮುಟ್ಟುತ್ತೆ. ಮದುವೆ ಮಾತುಕತೆ ತನಕ ಹೋಗುತ್ತೆ. ಹಾಗಾಗಿ ಎಷ್ಟೋ ಮನೆಯವರು ಇಲ್ಲಿ ತೋರಿಸೋದೇ ಬಿಟ್ಟು, ಘಟ್ಟ ಇಳಿದು ಮಂಗಳೂರಿಗೋ, ಇಲ್ಲ ಮೈಸೂರಿಗೋ ಹೋಗ್ತಾರೆ.

ಬಸ್ಸು ಹತ್ತೋಕಾಗದ ರಾತ್ರಿಗೆ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಂಬರ್ ಸೇವ್ ಮಾಡ್ಕೊಳ್ಳಿ, ಮುಂದಿನ ಎಪಿಸೋಡಲ್ಲಿ ಸಿಗೋಣ.