ಬೆಲೆ ಲೋಹಕ್ಕೋ, ಚರಿತ್ರೆಗೋ?

ಹಳೆಯ ಕಾರೊಂದರ ಎಂಜಿನ್ ಬದಲಾಗಿದೆ. ಚಾಸಿ ಬದಲಾಗಿದೆ. ಮೈಕಟ್ಟನ್ನು ಒಂದಲ್ಲ, ಹಲವು ಬಾರಿ ಹೊಸದಾಗಿ ಕಟ್ಟಲಾಗಿದೆ. ಅದನ್ನು ಹಳೆಯ ಹೆಸರಿನಲ್ಲೇ ಮಾರಲು ಮಾಲೀಕನಿಗೆ ಹಕ್ಕಿದೆಯೆ? ಹರಟೆಕಟ್ಟೆಯ ಚರ್ಚೆಯಂತೆ ಕಾಣುವ ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂತು. ವಿವಾದಕ್ಕೆ ಕಾರಣವಾದ ಕಾರಿನ ಹೆಸರು ‘ಓಲ್ಡ್ ನಂಬರ್ ಒನ್’. ಒಪ್ಪಂದವಾಗಿದ್ದ ಬೆಲೆ ಒಂದು ಕೋಟಿ ಪೌಂಡ್.

ಈ ಕಾರಿನ ಕಥೆ ಬೆಂಟ್ಲಿ ಕಂಪನಿಯ ಉತ್ಕರ್ಷದ ದಿನಗಳಿಗೆ ಸೇರಿದ್ದು. ಡಬ್ಲ್ಯು.ಒ. ಬೆಂಟ್ಲಿ 1919ರಲ್ಲಿ ಸ್ಥಾಪಿಸಿದ ಈ ಕಂಪನಿ ಗಟ್ಟಿಮುಟ್ಟಾದ, ವೇಗದ ಕಾರುಗಳಿಗೆ ಬೇಗನೆ ಹೆಸರಾಯಿತು. ಫ್ರಾನ್ಸಿನ ಲ ಮಾನ್ಸ್ ಪಟ್ಟಣದಲ್ಲಿ ಹಗಲು ರಾತ್ರಿ 24 ಗಂಟೆ ಎಡೆಬಿಡದೆ ನಡೆಯುವ ಸ್ಪರ್ಧೆಯನ್ನು ಬೆಂಟ್ಲಿ ಕಾರುಗಳು 1924ರಲ್ಲಿ ಒಮ್ಮೆ, ಬಳಿಕ 1927ರಿಂದ 1930ರವರೆಗೆ ಸತತ ನಾಲ್ಕು ವರ್ಷ ಗೆದ್ದವು. ಆದರೆ ಗೆಲುವಿನಷ್ಟು ಸಲೀಸಾಗಿ ಹಣ ಬರಲಿಲ್ಲ. 1926ರಲ್ಲಿ ಕಂಪನಿಗೆ ಬಂಡವಾಳ ಹೂಡಿ ಕೈಹಿಡಿದವನು ವೂಲ್ಫ್ ಬಾರ್ನಾಟೊ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಲ್ಲಿ ಸಂಪತ್ತು ಗಳಿಸಿದ್ದ ಬಾರ್ನಿ ಬಾರ್ನಾಟೊನ ಮಗ ಈತ; ಸ್ವತಃ ನುರಿತ ಚಾಲಕ. ಲ ಮಾನ್ಸ್‌ನಲ್ಲಿ ಮೂರು ಬಾರಿ ಸ್ಪರ್ಧಿಸಿ ಮೂರು ಬಾರಿಯೂ ಗೆದ್ದ ದಾಖಲೆ ಇವನದು.

ಆ ಮೂರರಲ್ಲಿ ಎರಡು ಗೆಲುವು, 1929 ಮತ್ತು 1930ರವು, ಬಂದದ್ದು ಆರೂವರೆ ಲೀಟರ್ ಎಂಜಿನ್ನಿನ ‘ಸ್ಪೀಡ್ ಸಿಕ್ಸ್’ ಮಾದರಿಯ ಈ ಕಾರಿನಲ್ಲಿ. 1929ರಲ್ಲಿ ಅದು 1ನೇ ಸಂಖ್ಯೆ ಹೊತ್ತು ಓಡಿತ್ತು. ಆ ವರ್ಷ ಮೊದಲ ನಾಲ್ಕೂ ಸ್ಥಾನಗಳು ಬೆಂಟ್ಲಿಗೇ ದಕ್ಕಿದವು. 1931ರಲ್ಲಿ ಕಂಪನಿ ಸಾಲದಲ್ಲಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾಯಿತು. ಕಾರಿನ ಓಟ ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ನಡೆದ 500 ಮೈಲಿ ಸ್ಪರ್ಧೆಯನ್ನು ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಇದೇ ಕಾರಿನಲ್ಲಿ ಗೆದ್ದರು.

ಮರುವರ್ಷ ಇನ್ನೂ ಹೆಚ್ಚಿನ ವೇಗದ ಆಸೆಯಿಂದ ಅದಕ್ಕೆ 8 ಲೀಟರ್ ಎಂಜಿನ್ ಕೂಡಿಸಲಾಯಿತು. 1932ರ ಸೆಪ್ಟೆಂಬರಿನಲ್ಲಿ ಅದೇ 500 ಮೈಲಿ ಸ್ಪರ್ಧೆ ನಡೆದಾಗ ಜಾಕ್‌ನ ತಮ್ಮ ಕ್ಲೈವ್ ಡನ್‌ಫೀ ಚಾಲಕನಾಗಿದ್ದ. ಬ್ರೂಕ್‌ಲ್ಯಾಂಡ್ಸ್‌ನ ತಿರುವುಗಳು ಬಟ್ಟಲಿನ ಅಂಚಿನಂತೆ ಮೇಲೆದ್ದ ಕಾಂಕ್ರೀಟ್ ಇಳಿಜಾರುಗಳು. ಕಾರು ಆ ಅಂಚನ್ನು ದಾಟಿ ಹೊರಗೆ ಹಾರಿತು, ಕ್ಲೈವ್ ಸತ್ತ. ಅನಂತರ ಬಾರ್ನಾಟೊ ಆ ಕಾರನ್ನು ರಸ್ತೆಯಲ್ಲಿ ಓಡಿಸುವಂತೆ ಮುಚ್ಚಿದ ಮೈಯ ಕೂಪೆಯಾಗಿ ಕಟ್ಟಿಸಿದ. ಮುಂದೆ ಅದು ಕೈಯಿಂದ ಕೈಗೆ ದಾಟಿತು. 1980ರ ದಶಕದಲ್ಲಿ ಅದನ್ನು ಮತ್ತೆ ಹಳೆಯ ಪಂದ್ಯದ ಕಾರಿನ ರೂಪಕ್ಕೆ ತರಲಾಯಿತು.

ಆ ದಶಕದ ಕೊನೆ ಹಳೆಯ ಕಾರುಗಳ ಮಾರುಕಟ್ಟೆಗೆ ಸುಗ್ಗಿಯ ಕಾಲ. 1987ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬುಗಾಟಿ ರಾಯೇಲ್ ಕಾರೊಂದು 55 ಲಕ್ಷ ಪೌಂಡಿಗೆ ಹರಾಜಾಯಿತು. 1988ರಲ್ಲಿ ಎನ್ಜೊ ಫೆರಾರಿ ತೀರಿಕೊಂಡ ಮೇಲೆ ಫೆರಾರಿಗಳ ಬೆಲೆಯೂ ಗಗನಕ್ಕೇರಿತು. ಕಾರು ಓಡಿಸುವ ವಸ್ತುವಾಗಿ ಉಳಿಯದೆ ಚಿನ್ನ, ಚಿತ್ರಕಲೆಗಳಂತೆ ಹಣ ಹೂಡುವ ವಸ್ತುವಾಯಿತು. ಇಂಥ ವೇಳೆಯಲ್ಲಿ, 1990ರ ಏಪ್ರಿಲ್‌ನಲ್ಲಿ, ಓಲ್ಡ್ ನಂಬರ್ ಒನ್ ಮಾರಾಟಕ್ಕೆ ಒಪ್ಪಂದವಾಯಿತು. ಕೊಳ್ಳಲು ಮುಂದಾದ ಕಂಪನಿ ಬಳಿಕ ಹಿಂಜರಿಯಿತು. ಇದು ಲ ಮಾನ್ಸ್ ಗೆದ್ದ ಕಾರೇ ಅಲ್ಲ, ಹಾಗಾಗಿ ಹಣ ಕೊಡಬೇಕಾದ್ದಿಲ್ಲ ಎಂಬುದು ಅದರ ವಾದ. ಮಾರಾಟಗಾರ ನ್ಯಾಯಾಲಯದ ಮೆಟ್ಟಿಲೇರಿದ. ‘ಹಬ್ಬರ್ಡ್ ವಿರುದ್ಧ ಮಿಡ್ಲ್‌ಬ್ರಿಡ್ಜ್ ಸಿಮಿಟಾರ್’ ಎಂದು ಈ ಮೊಕದ್ದಮೆ ಪ್ರಸಿದ್ಧವಾಗಿದೆ.

ತಜ್ಞರ ಸಾಕ್ಷ್ಯ ಮಾರಾಟಗಾರನಿಗೆ ಅನುಕೂಲವಾಗಿರಲಿಲ್ಲ. 1929ರ ಕಾರಿನದೆಂದು ಖಚಿತವಾಗಿ ಹೇಳಬಹುದಾದ ಭಾಗ ಒಂದೂ ಉಳಿದಿರಲಿಲ್ಲ. 1930ರ ಕಾರಿನಿಂದ ಬಂದದ್ದೆನ್ನಲು ಪೆಡಲುಗಳ ದಂಡ, ಗೇರ್‌ಬಾಕ್ಸಿನ ಹೊರಕವಚ ಮತ್ತು ಸ್ಟೀರಿಂಗ್ ಕಂಬ ಮಾತ್ರ ಇದ್ದವು. ಚಾಸಿ ಮತ್ತು ಎಂಜಿನ್ 1932ರವು. ಇದರಲ್ಲಿ ಮೋಸವೇನೂ ಇರಲಿಲ್ಲ. ಪಂದ್ಯದ ಕಾರಿನ ಬಾಳೇ ಅಂಥದು. ಒಂದು ಸ್ಪರ್ಧೆಯಲ್ಲಿ ಸವೆದುದನ್ನು ಮುಂದಿನ ಸ್ಪರ್ಧೆಯೊಳಗೆ ಬದಲಿಸಲೇಬೇಕು. ಗೆಲ್ಲಬೇಕೆಂದು ಕಟ್ಟಿದ ಕಾರನ್ನು ಹಾಗೆಯೇ ಕಾಪಾಡಿ ಇಡಬೇಕೆಂಬ ಯೋಚನೆ ಅಂದಿನ ಮೆಕ್ಯಾನಿಕ್ಕುಗಳಿಗೆ ಬರುವಂತೆಯೂ ಇರಲಿಲ್ಲ.

1990ರ ಜುಲೈನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ಆಟನ್ ಮೊದಲು ಕೈಹಾಕಿದ್ದು ಶಬ್ದಗಳ ಅರ್ಥಕ್ಕೆ. ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಯಲ್ಲೇ ಉಳಿದ ಕಾರನ್ನು ‘ಒರಿಜಿನಲ್’ ಎನ್ನಬಹುದು. ಈ ಕಾರು ಅದಲ್ಲ ಎಂದರು. ಹಾಗೆಂದು ಇದು ನಕಲೂ ಅಲ್ಲ. ಒಮ್ಮೆ ಇಲ್ಲವಾಗಿ, ಬಿಡಿಭಾಗಗಳಿಂದ ಮತ್ತೆ ಹುಟ್ಟಿಸಿದ ಕಾರೂ ಅಲ್ಲ. ಬದಲಾವಣೆಗಳು ಒಂದರ ಬೆನ್ನಿಗೆ ಒಂದರಂತೆ ನಡೆದಿದ್ದವು. ಯಾವ ಘಟ್ಟದಲ್ಲಿಯೂ ಕಾರಿನ ಅಸ್ತಿತ್ವ ಕಡಿದುಹೋಗಿರಲಿಲ್ಲ. ಆ ಹೆಸರಿಗೆ ಹಕ್ಕು ಸಾಧಿಸಬಲ್ಲ ಇನ್ನೊಂದು ಬೆಂಟ್ಲಿ ಎಲ್ಲಿಯೂ ಇರಲಿಲ್ಲ. ಆದ್ದರಿಂದ ಇದೇ ‘ಅಥೆಂಟಿಕ್’ ಓಲ್ಡ್ ನಂಬರ್ ಒನ್ ಎಂದು ಅವರು ನಿರ್ಣಯಿಸಿದರು. ಅಂದು ಮಾರಾಟಕ್ಕಿದ್ದುದು ಲೋಹ ಮಾತ್ರವಲ್ಲ, ಅದರ ಚರಿತ್ರೆ ಮತ್ತು ಖ್ಯಾತಿ ಕೂಡ ಎಂಬುದು ತೀರ್ಪಿನ ತಿರುಳು. ಗೆಲುವು ಮಾರಾಟಗಾರನದಾಯಿತು.

ಈ ತರ್ಕ ನಮ್ಮ ನೆಲಕ್ಕೆ ಹೊಸದಲ್ಲ. ‘ಮಿಲಿಂದಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನ ಮಿಲಿಂದ ರಾಜನನ್ನು ಕೇಳುವುದೂ ಇದನ್ನೇ: ರಥವೆಂದರೆ ಚಕ್ರವೆ, ಅಚ್ಚೆ, ನೊಗವೆ? ಇವು ಒಂದೂ ಅಲ್ಲ, ಇವನ್ನು ಬಿಟ್ಟು ಬೇರೆಯೂ ಅಲ್ಲ; ಎಲ್ಲ ಕೂಡಿದಾಗ ಬಳಸುವ ಹೆಸರು ರಥ. ಗ್ರೀಕರು ಥೀಸಿಯಸ್‌ನ ಹಡಗನ್ನು ಮುಂದಿಟ್ಟು ಇದೇ ಚರ್ಚೆ ನಡೆಸಿದ್ದರು. ನಮ್ಮ ಊರುಗಳ ತೇರಿನ ಗಾಲಿ ಸವೆದರೆ ಹೊಸದು ಹಾಕುತ್ತಾರೆ, ತೊಲೆ ಗೆದ್ದಲು ಹಿಡಿದರೆ ಬದಲಿಸುತ್ತಾರೆ. ಅಜ್ಜ ಎಳೆದ ತೇರನ್ನೇ ಮೊಮ್ಮಗನೂ ಎಳೆಯುತ್ತಿದ್ದಾನೆ ಎಂಬುದರಲ್ಲಿ ಊರವರಿಗೆ ಅನುಮಾನವಿಲ್ಲ. ವರ್ಷ ತಪ್ಪದೆ ಎಳೆದದ್ದೇ ಅದಕ್ಕೆ ಸಾಕ್ಷಿ.

ಎಲ್ಲ ಕಾನೂನುಗಳೂ ಇಷ್ಟು ಉದಾರವಲ್ಲ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳ ವಿಶೇಷ ನೋಂದಣಿ ಸಿಗಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಮೈ, ಎಂಜಿನ್ನುಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು. ಇದನ್ನು ಅಕ್ಷರಶಃ ಅನ್ವಯಿಸಿದರೆ ಲ ಮಾನ್ಸ್ ವೀರನಿಗೇ ನಮ್ಮಲ್ಲಿ ವಿಂಟೇಜ್ ಪಟ್ಟ ಸಿಗುವುದು ಕಷ್ಟ. ಈ ನಿಯಮ ನೋಡುವುದು ಕಾರು ಇಂದು ಯಾವ ರೂಪದಲ್ಲಿದೆ ಎಂಬುದನ್ನು. ಆ ತೀರ್ಪು ನೋಡಿದ್ದು ಅದು ಯಾವ ದಾರಿಯಲ್ಲಿ ಇಲ್ಲಿಗೆ ಬಂತು ಎಂಬುದನ್ನು.

1990ರ ನಂತರ ಹಳೆಯ ಕಾರುಗಳ ಪೇಟೆ ಕುಸಿಯಿತು. ತೀರ್ಪು ಮಾತ್ರ ಇಂದಿಗೂ ಉದ್ಧೃತವಾಗುತ್ತಿದೆ. ಮಾರ್ಪಾಟಾದ ಕಾರನ್ನು ಮಾರುವವರಿಗೆಲ್ಲ ಅದರಲ್ಲೊಂದು ಪಾಠವಿದೆ. ಬದಲಾವಣೆ ದೋಷವಲ್ಲ, ಅದನ್ನು ಮುಚ್ಚಿಡುವುದು ದೋಷ. ಯಾವ ಭಾಗವನ್ನು ಯಾವಾಗ, ಯಾರು, ಏಕೆ ಬದಲಿಸಿದರೆಂಬ ಲೆಕ್ಕ ತೋರಿಸಬಲ್ಲವನು ತನ್ನ ಕಾರಿನ ಹೆಸರನ್ನು ಉಳಿಸಿಕೊಳ್ಳಬಲ್ಲ. ಬ್ರೂಕ್‌ಲ್ಯಾಂಡ್ಸ್‌ನ ಅಂಚಿನಾಚೆ ಹಾರಿದ ಆ ದಿನವನ್ನೂ ಸೇರಿಸಿ ಎಲ್ಲವೂ ಆ ಲೆಕ್ಕದಲ್ಲಿದ್ದುದರಿಂದಲೇ ಓಲ್ಡ್ ನಂಬರ್ ಒನ್ ಕೊನೆಗೂ ಓಲ್ಡ್ ನಂಬರ್ ಒನ್ ಆಗಿಯೇ ಉಳಿಯಿತು.