ಉತ್ತರರಾಮಚರಿತದ ಪುನರ್ಮಿಲನ

8ನೆಯ ಶತಮಾನದಲ್ಲಿ ಕನ್ನೌಜದ ಯಶೋವರ್ಮನ ಆಸ್ಥಾನದಲ್ಲಿದ್ದ ಭವಭೂತಿಯು, ತನ್ನ ‘ಮಹಾವೀರಚರಿತ’ದ ಮುಂದಿನ ಕಥೆಯಾಗಿ 7 ಅಂಕಗಳ ‘ಉತ್ತರರಾಮಚರಿತ’ವನ್ನು ರಚಿಸಿದನು. ಮೈಸೂರಿನ ಬಸವಪ್ಪಶಾಸ್ತ್ರಿಗಳು (1843–1891) ಇದನ್ನು ಕನ್ನಡಿಸಿದರು. ವಾಲ್ಮೀಕಿರಾಮಾಯಣದಲ್ಲಿ ಸೀತೆಯು ಭೂಗರ್ಭವನ್ನು ಸೇರುವಳು; ಇಲ್ಲಿ ಪತಿಯನ್ನು ಮರಳಿ ಸೇರುವಳು. ಮಂಗಳಾಂತ್ಯದ ಸಂಪ್ರದಾಯವೊಂದೇ ಇದಕ್ಕೆ ಕಾರಣವೆಂದರೆ ಕವಿಗೆ ಅನ್ಯಾಯವಾದೀತು.

12 ವರ್ಷಗಳ ವಿಯೋಗದ ಬಳಿಕ ಪಂಚವಟಿಗೆ ಬಂದ ರಾಮನ ಪ್ರಲಾಪವನ್ನು ಸೀತೆಯು 3ನೆಯ ಅಂಕದಲ್ಲಿ ಅದೃಶ್ಯಳಾಗಿ ಕೇಳುವಳು. ಅಶ್ವಮೇಧದಲ್ಲಿ ತನ್ನ ಸ್ವರ್ಣಪ್ರತಿಮೆಯೇ ಆತನ ಸಹಧರ್ಮಿಣಿಯೆಂದು ತಿಳಿದಾಗ, ತ್ಯಕ್ತಳಾದ ಅವಮಾನವು ಅವಳೆದೆಯಿಂದ ನೀಗುವುದು. ಆದರೂ ಸಮಾಗಮವು ಅಲ್ಲಿಯೇ ಆಗದು. ಕೊನೆಯ ಅಂಕದಲ್ಲಿ ಅರುಂಧತಿಯು ನೆರೆದ ಪುರಜನರ ಅಭಿಮತವನ್ನು ಕೇಳುವಳು. ನಿಂದಿಸಿದ ಜನರೇ ಸೀತೆಗೆ ನಮಿಸುವರು.

ಅಳಿಯಿತೆಂದು ತಿಳಿದ ಒಲವು ಮರಳಬೇಕಾದರೆ ಪತಿಯ ಕಣ್ಣೀರೊಂದೇ ಸಾಲದು, ಮಾಡಿದ ಅನ್ಯಾಯವನ್ನು ಲೋಕವೂ ಒಪ್ಪಿಕೊಳ್ಳಬೇಕೆಂಬುದೇ ಕವಿಯ ಹೃದ್ಗತವೆಂದು ನಮಗೆ ತೋರುವುದು.